ಹೊಟ್ಟೆಯ ಮದ್ದಿಗೆ ಒರೆಗಲ್ಲು

ಹಬ್ಬದ ಊಟ ಮುಗಿದು, ಎಲೆ ಎತ್ತಿ, ಇನ್ನೂ ಎರಡು ಗಂಟೆ ಕಳೆದಿರುವುದಿಲ್ಲ. ಮನೆಯ ಯಜಮಾನರಿಗೆ ಹುಳಿತೇಗು, ಎದೆಯುರಿ, ಹೊಟ್ಟೆಯುಬ್ಬರಗಳು ಒಂದರ ಹಿಂದೊಂದು ಕಾಣಿಸಿಕೊಳ್ಳುತ್ತವೆ. ಒಡನೆಯೇ ಮನೆಮಂದಿಯೆಲ್ಲರೂ ವೈದ್ಯರಾಗುತ್ತಾರೆ. ಓಮವನ್ನೂ ಉಪ್ಪನ್ನೂ ಅಗಿದು ಬಿಸಿನೀರು ಕುಡಿಯಬೇಕೆಂದು ಅಜ್ಜಿ ಹೇಳುತ್ತಾರೆ. ಅತ್ತಿಗೆ ಮಜ್ಜಿಗೆಗೆ ಇಂಗು ಕದಡಿ ತರುತ್ತಾರೆ. ಕಾಲೇಜಿನಲ್ಲಿ ಓದುವ ಮಗನು ಬೀದಿಯ ಕೊನೆಯ ಔಷಧದಂಗಡಿಗೆ ಓಡಿ, ನೊರೆಯೇಳುವ ಉಪ್ಪಿನ ಪೊಟ್ಟಣವನ್ನು ತರುತ್ತಾನೆ. ನೆರೆಮನೆಯವರು ತಮ್ಮ ಜೇಬಿನಿಂದಲೇ ಮಾತ್ರೆಯೊಂದನ್ನು ತೆಗೆದುಕೊಡುತ್ತಾರೆ. ಯಜಮಾನರು ಯಾರ ಮನಸ್ಸನ್ನೂ ನೋಯಿಸಲಾರದೆ ನಾಲ್ಕನ್ನೂ ಸೇವಿಸುತ್ತಾರೆ. ಸಂಜೆಯ ವೇಳೆಗೆ ಹೊಟ್ಟೆ ಹಗುರವಾಗುತ್ತದೆ. "ನೋಡಿದಿರಾ, ನನ್ನ ಮದ್ದಿನಿಂದಲೇ ಗುಣವಾದದ್ದು" ಎಂದು ನಾಲ್ವರೂ ಹಿಗ್ಗುತ್ತಾರೆ.

ನಿಜವಾಗಿ ಗುಣಪಡಿಸಿದ್ದು ಯಾವುದು? ನಾಲ್ಕರಲ್ಲಿ ಒಂದೇ? ನಾಲ್ಕೂ ಸೇರಿಯೇ? ಅಥವಾ ಏನನ್ನೂ ಕೊಡದೆ ಇದ್ದಿದ್ದರೂ ಸಂಜೆಯ ಹೊತ್ತಿಗೆ ಹೊಟ್ಟೆಯು ತನ್ನಷ್ಟಕ್ಕೆ ತಾನೇ ಸರಿಹೋಗುತ್ತಿತ್ತೇ? ಈ ಪ್ರಶ್ನೆಯು ನೋಡಲು ಸಣ್ಣದು. ಆದರೆ ಇದಕ್ಕೆ ಸರಿಯಾದ ಉತ್ತರವನ್ನು ಹುಡುಕಲು ವಿಜ್ಞಾನಕ್ಕೆ ಬಹುಕಾಲ ಹಿಡಿಯಿತು. ವೈದ್ಯರ ಚೀಟಿಯಿಲ್ಲದೆ ಜನರು ತಾವಾಗಿಯೇ ಕೊಂಡು ಸೇವಿಸುವ ಔಷಧಗಳಲ್ಲಿ ಹೊಟ್ಟೆಯ ಮದ್ದುಗಳು ಮುಖ್ಯವಾದವು. ಅವುಗಳ ಬೆಲೆ ಅಲ್ಪವೆಂದು ತೋರಿದರೂ, ತಪ್ಪು ಆಯ್ಕೆಗೆ ತೆರಬೇಕಾದ ಬೆಲೆಯು ಕೆಲವೊಮ್ಮೆ ಪ್ರಾಣವೇ ಆಗಬಹುದು. ಆದಕಾರಣ ಇಂಥ ಮದ್ದುಗಳನ್ನು ಗ್ರಾಹಕರ ಪರವಾಗಿ ಒರೆಗೆ ಹಚ್ಚಿ ನೋಡುವವರು ಯಾವ ಯಾವ ಪ್ರಶ್ನೆಗಳನ್ನು ಕೇಳುತ್ತಾರೆಂಬುದನ್ನು ತಿಳಿದುಕೊಳ್ಳುವುದು ಪ್ರತಿಯೊಬ್ಬ ವಿದ್ಯಾರ್ಥಿಗೂ ಉಪಯುಕ್ತ.

ಡಬ್ಬಿಯ ಒಳಗೇನಿದೆ?

ಮೊದಲನೆಯ ಪ್ರಶ್ನೆಯು ಅತ್ಯಂತ ಸರಳವಾದದ್ದು. ಔಷಧದ ಹೆಸರನ್ನು ಮರೆತು ಅದರೊಳಗಿನ ವಸ್ತುವನ್ನು ನೋಡಬೇಕು. ಇಂದು ನಮಗೆ ಸಹಜವೆನಿಸುವ ಈ ಮಾತು ನೂರಿಪ್ಪತ್ತು ವರ್ಷಗಳ ಹಿಂದೆ ಸಹಜವಾಗಿರಲಿಲ್ಲ. ಆಗ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಪೇಟೆಂಟ್ ಔಷಧಗಳ ಸುಗ್ಗಿ. ಅವುಗಳಲ್ಲಿ ಏನು ಬೆರೆತಿದೆಯೆಂಬುದನ್ನು ತಯಾರಕರು ಗುಟ್ಟಾಗಿಯೇ ಇಡುತ್ತಿದ್ದರು. ಬ್ರಿಟಿಷ್ ವೈದ್ಯಕೀಯ ಸಂಘವು ಈ ಔಷಧಗಳನ್ನು ಅಂಗಡಿಗಳಿಂದ ಕೊಂಡು, ರಾಸಾಯನಿಕ ವಿಶ್ಲೇಷಣೆಗೆ ಗುರಿಮಾಡಿ, ಫಲಿತಾಂಶಗಳನ್ನು ೧೯೦೯ರಲ್ಲಿ 'ಸೀಕ್ರೆಟ್ ರೆಮಿಡೀಸ್' ಎಂಬ ಪುಸ್ತಕದಲ್ಲಿ ಪ್ರಕಟಿಸಿತು. ಪ್ರತಿಯೊಂದು ಔಷಧದಲ್ಲಿ ಏನಿದೆ, ಅದರ ಸಾಮಗ್ರಿಗೆ ತಗಲುವ ವೆಚ್ಚವೆಷ್ಟು ಎಂಬ ಎರಡು ಸಂಗತಿಗಳನ್ನೂ ಆ ಪುಸ್ತಕವು ಬಯಲಿಗೆಳೆಯಿತು.

ಬೀಚಮ್ಮನ ಗುಳಿಗೆಗಳ ವಿಷಯವನ್ನೇ ನೋಡಿರಿ. ಅಜೀರ್ಣ, ಮಲಬದ್ಧತೆಗಳಿಗೆಂದು ಮನೆಮಾತಾಗಿದ್ದ ಈ ಗುಳಿಗೆಗಳ ಒಂದು ಡಬ್ಬಿಗೆ ಒಂದು ಗಿನಿಯಷ್ಟು ಯೋಗ್ಯತೆಯಿದೆಯೆಂದು ಜಾಹೀರಾತುಗಳು ಸಾರುತ್ತಿದ್ದವು. ವಿಶ್ಲೇಷಣೆಯಲ್ಲಿ ದೊರೆತುದು ಲೋಳೆಸರದ ಜಾತಿಯ ಗಿಡದ ಒಣಗಿಸಿದ ರಸ, ಶುಂಠಿಯ ಪುಡಿ ಮತ್ತು ಸಾಬೂನು! ೫೬ ಗುಳಿಗೆಗಳ ಡಬ್ಬಿಯ ಬೆಲೆ ಒಂದು ಷಿಲ್ಲಿಂಗ್ ಒಂದೂವರೆ ಪೆನ್ನಿ. ಒಳಗಿನ ಸಾಮಗ್ರಿಯ ಬೆಲೆ ಸುಮಾರು ಅರ್ಧ ಫಾರ್ದಿಂಗ್. ಷಿಲ್ಲಿಂಗಿಗೆ ೧೨ ಪೆನ್ನಿ, ಪೆನ್ನಿಗೆ ೪ ಫಾರ್ದಿಂಗ್ ಎಂಬ ಲೆಕ್ಕ ತಿಳಿದವರು ಗುಣಿಸಿ ನೋಡಬಹುದು: ಮಾರುವ ಬೆಲೆಯು ಸಾಮಗ್ರಿಯ ಬೆಲೆಗೆ ೧೦೮ರಷ್ಟಿತ್ತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಾಮಗ್ರಿಯು ಅಗ್ಗವಾಗಿದ್ದ ಮಾತ್ರಕ್ಕೆ ಮದ್ದು ನಿರುಪಯುಕ್ತವೆಂದಾಗುವುದಿಲ್ಲ. ಲೋಳೆಸರದ ಒಣರಸವು ನಿಜವಾಗಿಯೂ ಭೇದಿಯನ್ನುಂಟುಮಾಡುವ ವಸ್ತು. ವಿಶ್ಲೇಷಣೆಯು ಹೇಳುವುದು ಇಷ್ಟೆ: ಗುಟ್ಟಿನ ಪರದೆಯ ಹಿಂದೆ ಇರುವುದು ಯಾವ ಅದ್ಭುತವೂ ಅಲ್ಲ, ಎಲ್ಲರಿಗೂ ಪರಿಚಿತವಾದ ಪದಾರ್ಥ. ನಮ್ಮ ಮನೆಯ ಉದಾಹರಣೆಗೇ ಬರೋಣ. ಮಗನು ತಂದ ನೊರೆಯುಪ್ಪಿನ ಪೊಟ್ಟಣದ ಮೇಲೆ ಸ್ವರ್ಜಿಕ್ಷಾರ, ನಿಂಬುಕಾಮ್ಲ ಎಂಬ ಸಂಸ್ಕೃತ ಹೆಸರುಗಳಿರಬಹುದು. ಮೊದಲನೆಯದು ಅಡುಗೆಮನೆಯ ಸೋಡ, ಅಂದರೆ ಸೋಡಿಯಂ ಬೈಕಾರ್ಬೊನೇಟ್. ಎರಡನೆಯದು ನಿಂಬೆಯ ಹುಳಿಯಲ್ಲಿರುವ ಸಿಟ್ರಿಕ್ ಆಮ್ಲ. ಹೆಸರು ಬದಲಾದರೂ ರಸಾಯನಕ್ರಿಯೆಯು ಬದಲಾಗುವುದಿಲ್ಲ.

ಕಾನೂನು ಬೆಳೆದ ಬಗೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಒರೆಗಲ್ಲು ಹಂತಹಂತವಾಗಿ ರೂಪುಗೊಂಡಿತು. ೧೯೦೬ರ ಕಾನೂನು ಅಫೀಮು, ಮದ್ಯಸಾರ ಮೊದಲಾದ ಕೆಲವು ಅಪಾಯಕರ ವಸ್ತುಗಳ ಹೆಸರನ್ನು ಚೀಟಿಯ ಮೇಲೆ ಬರೆಯಬೇಕೆಂದು ವಿಧಿಸಿತು. ೧೯೩೮ರ ಕಾನೂನು ಹೊಸ ಔಷಧವು ನಿರಪಾಯಕರವೆಂದು ಮೊದಲೇ ತೋರಿಸಬೇಕೆಂದಿತು. ಔಷಧವು ಹೇಳಿದ ಕೆಲಸವನ್ನು ನಿಜವಾಗಿ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಪ್ರಮಾಣವನ್ನು ಕಡ್ಡಾಯಗೊಳಿಸಿದ್ದು ೧೯೬೨ರಲ್ಲಿ. ಎಂದರೆ, ಪರಿಣಾಮಕ್ಕೆ ರುಜುವಾತು ಬೇಕೆಂಬ ನಿಯಮವು ಮನುಷ್ಯನು ಅಂತರಿಕ್ಷಕ್ಕೆ ಹಾರಿದ ಮರುವರ್ಷವಷ್ಟೇ ಬಂದಿತು.

ಆ ವೇಳೆಗೆ ಅಂಗಡಿಗಳಲ್ಲಿ ಲಕ್ಷಾಂತರ ತಯಾರಿಕೆಗಳು ತುಂಬಿಹೋಗಿದ್ದವು. ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದು ಅಸಾಧ್ಯ. ಆದುದರಿಂದ ಅಲ್ಲಿಯ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು ೧೯೭೨ರಲ್ಲಿ ಜಾಣ್ಮೆಯ ಮಾರ್ಗವೊಂದನ್ನು ಹಿಡಿಯಿತು. ತಯಾರಿಕೆಗಳು ಲಕ್ಷವಿದ್ದರೂ ಅವುಗಳೊಳಗಿನ ಮೂಲವಸ್ತುಗಳು ಕೆಲವು ನೂರು ಮಾತ್ರ. ಆ ವಸ್ತುಗಳನ್ನೇ ತಜ್ಞರ ಮಂಡಲಿಗಳು ಪರಿಶೀಲಿಸಲಿ ಎಂದು ತೀರ್ಮಾನಿಸಿತು. ಮಂಡಲಿಗಳು ವಸ್ತುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದವು. ನಿರಪಾಯಕರವೂ ಪರಿಣಾಮಕಾರಿಯೂ ಆದುವು ಮೊದಲನೆಯ ವರ್ಗ; ಹಾಗಲ್ಲದವು ಎರಡನೆಯ ವರ್ಗ; ನಿರ್ಣಯಕ್ಕೆ ಸಾಕಷ್ಟು ಪ್ರಮಾಣವಿಲ್ಲದವು ಮೂರನೆಯ ವರ್ಗ. ಮೂರನೆಯ ವರ್ಗವನ್ನು ಓದುಗರು ವಿಶೇಷವಾಗಿ ಗಮನಿಸಬೇಕು. "ಪ್ರಮಾಣ ದೊರೆತಿಲ್ಲ" ಎಂಬುದೂ "ಸುಳ್ಳೆಂದು ಸಿದ್ಧವಾಗಿದೆ" ಎಂಬುದೂ ಒಂದೇ ಅಲ್ಲ. ಈ ಭೇದವನ್ನು ಮರೆತವನು ವಿಜ್ಞಾನದ ಹೆಸರಿನಲ್ಲಿಯೇ ತಪ್ಪು ಮಾಡುತ್ತಾನೆ.

ಈ ಮಹಾಪರಿಶೀಲನೆಯಲ್ಲಿ ಮೊಟ್ಟಮೊದಲು ಮುಗಿದುದು ಹೊಟ್ಟೆಯ ಆಮ್ಲವನ್ನು ತಗ್ಗಿಸುವ ಮದ್ದುಗಳ ವಿಚಾರ. ಇವಕ್ಕೆ ಆಂಟಾಸಿಡ್ ಎಂದು ಹೆಸರು, ನಾವು ಆಮ್ಲಶಾಮಕಗಳೆನ್ನೋಣ. ೧೯೭೪ರಲ್ಲಿ ಇವುಗಳ ನಿಯಮಾವಳಿಯು ಪ್ರಕಟವಾಯಿತು.

ಗಾಜಿನ ಪಾತ್ರೆಯಲ್ಲಿ ಜಠರ

ನಮ್ಮ ಜಠರವು ದಿನವೊಂದಕ್ಕೆ ಸುಮಾರು ಎರಡು ಲೀಟರಿನಷ್ಟು ರಸವನ್ನು ಸುರಿಸುತ್ತದೆ. ಅದರಲ್ಲಿರುವುದು ಹೈಡ್ರೊಕ್ಲೋರಿಕ್ ಆಮ್ಲವೆಂದು ೧೮೨೪ರಲ್ಲಿ ವಿಲಿಯಂ ಪ್ರೌಟ್ ಎಂಬ ಆಂಗ್ಲ ವೈದ್ಯನು ತೋರಿಸಿದನು. ಈ ಆಮ್ಲವು ಅನ್ನನಾಳದೊಳಕ್ಕೆ ಮೇಲೇರಿದಾಗ ಎದೆಯುರಿಯುಂಟಾಗುತ್ತದೆ. ಆಮ್ಲವನ್ನು ಕ್ಷಾರದಿಂದ ತಟಸ್ಥಗೊಳಿಸಬಹುದೆಂಬುದು ಪ್ರೌಢಶಾಲೆಯ ಪಾಠವಷ್ಟೆ. ಹಾಗಾದರೆ ಒಂದು ಮಾತ್ರೆಯು ಎಷ್ಟು ಆಮ್ಲವನ್ನು ತಟಸ್ಥಗೊಳಿಸಬಲ್ಲುದು? ಇದನ್ನು ತಕ್ಕಡಿಯಲ್ಲಿ ತೂಗಿದಷ್ಟೇ ಖಚಿತವಾಗಿ ಅಳೆಯಬಹುದು.

ಅಮೆರಿಕದ ಔಷಧಸಂಹಿತೆಯಲ್ಲಿ ವಿಧಿಸಿರುವ ಕ್ರಮ ಹೀಗಿದೆ. ಅಗಿಯುವ ಮಾತ್ರೆಯಾದರೆ ಅದನ್ನು ಪುಡಿಮಾಡಿ ನೀರಿಗೆ ಹಾಕಬೇಕು. ದೇಹದ ಉಷ್ಣತೆಗೆ ಸಮೀಪವಾದ ೩೭ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕದಡುತ್ತ, ಅದಕ್ಕೆ ೩೦ ಮಿಲಿಲೀಟರ್ ೧ ನಾರ್ಮಲ್ ಹೈಡ್ರೊಕ್ಲೋರಿಕ್ ಆಮ್ಲವನ್ನು ಸೇರಿಸಿ ೧೫ ನಿಮಿಷ ಕಲಕಬೇಕು. ಬಳಿಕ ಉಳಿದ ಆಮ್ಲವನ್ನು ೦.೫ ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡಿನಿಂದ ಪಿಎಚ್ ೩.೫ಕ್ಕೆ ಬರುವವರೆಗೆ ಅಳೆಯಬೇಕು. ೧ ನಾರ್ಮಲ್ ಆಮ್ಲದ ಪ್ರತಿ ಮಿಲಿಲೀಟರಿನಲ್ಲಿ ೧ ಮಿಲಿ ಈಕ್ವಿವಲೆಂಟ್ ಆಮ್ಲವಿರುತ್ತದೆ. ಆದುದರಿಂದ ಮೊದಲು ಹಾಕಿದ್ದು ೩೦. ಉಳಿದುದನ್ನು ಅಳೆಯಲು ೨೪ ಮಿಲಿಲೀಟರ್ ಕ್ಷಾರ ಬೇಕಾಯಿತೆಂದುಕೊಳ್ಳಿರಿ. ಅದು ೧೨ಕ್ಕೆ ಸಮ. ಮಾತ್ರೆಯು ನುಂಗಿದ್ದು ೩೦ರಿಂದ ೧೨ ಕಳೆದರೆ ೧೮. ಕಾಲೇಜಿನ ಪ್ರಯೋಗಶಾಲೆಯಲ್ಲಿ ಬ್ಯುರೆಟ್ ಹಿಡಿದ ಯಾವ ವಿದ್ಯಾರ್ಥಿಗೂ ಇದು ಅರ್ಥವಾಗುವ ಲೆಕ್ಕ.

ಆಮ್ಲಶಾಮಕವೆಂದು ಹೇಳಿಕೊಳ್ಳಬೇಕಾದರೆ ಒಂದು ಪ್ರಮಾಣದ ಮದ್ದು ಕನಿಷ್ಠ ೫ ಮಿಲಿ ಈಕ್ವಿವಲೆಂಟ್ ಆಮ್ಲವನ್ನು ತಟಸ್ಥಗೊಳಿಸಲೇಬೇಕೆಂದು ನಿಯಮವು ಹೇಳುತ್ತದೆ. ಅಷ್ಟೇ ಅಲ್ಲ; ಮಿಶ್ರಣದಲ್ಲಿ ಆಮ್ಲಶಾಮಕವೆಂದು ಹೆಸರಿಸಿದ ಪ್ರತಿಯೊಂದು ವಸ್ತುವೂ ಒಟ್ಟು ಶಕ್ತಿಯ ನಾಲ್ಕನೆಯ ಒಂದು ಪಾಲನ್ನಾದರೂ ಒದಗಿಸಬೇಕು. ಶೋಭೆಗಾಗಿ ಚಿಟಿಕೆಯಷ್ಟು ವಸ್ತುವನ್ನು ಬೆರೆಸಿ ಚೀಟಿಯ ಮೇಲೆ ಮೆರೆಸುವ ಚಾಳಿಗೆ ಇದು ತಡೆ.

ಪರಮಾಣುತೂಕಗಳನ್ನು ಬಲ್ಲವರು ಮದ್ದುಗಳ ಬಲವನ್ನು ಕಾಗದದ ಮೇಲೆಯೇ ಹೋಲಿಸಬಹುದು. ಒಂದು ಗ್ರಾಂ ಅಡುಗೆ ಸೋಡವು ಸುಮಾರು ೧೨ ಮಿಲಿ ಈಕ್ವಿವಲೆಂಟ್ ಆಮ್ಲವನ್ನು ತಟಸ್ಥಗೊಳಿಸಬಲ್ಲುದು. ಒಂದು ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ೨೦ನ್ನು. ಒಂದು ಗ್ರಾಂ ಮೆಗ್ನೀಷಿಯಂ ಹೈಡ್ರಾಕ್ಸೈಡ್ ಸುಮಾರು ೩೪ನ್ನು. ಮಾರುಕಟ್ಟೆಯ ದ್ರವರೂಪದ ಆಮ್ಲಶಾಮಕಗಳನ್ನು ೧೯೭೩ರಲ್ಲಿ ಜಾನ್ ಫೋರ್ಡ್‌ಟ್ರಾನ್ ಮತ್ತು ಅವರ ಸಂಗಡಿಗರು ಪಾತ್ರೆಯಲ್ಲಿಯೂ ಮನುಷ್ಯರ ಜಠರದಲ್ಲಿಯೂ ಪರೀಕ್ಷಿಸಿದಾಗ, ಒಂದೇ ಅಳತೆಯ ಚಮಚದಲ್ಲಿ ಅವುಗಳ ಶಕ್ತಿಯು ಬಹಳ ಭಿನ್ನವಾಗಿರುವುದು ಕಂಡುಬಂದಿತು. ಆದಕಾರಣ ಬೆಲೆಯನ್ನು ಹೋಲಿಸುವಾಗ ಬಾಟಲಿಗೆ ಎಷ್ಟು ರೂಪಾಯಿ ಎಂದು ಕೇಳದೆ, ಅಷ್ಟು ಆಮ್ಲವನ್ನು ತಟಸ್ಥಗೊಳಿಸಲು ಎಷ್ಟು ರೂಪಾಯಿ ಎಂದು ಕೇಳುವುದೇ ಸರಿಯಾದ ಕ್ರಮ.

ಪಾತ್ರೆಯಿಂದ ಮನುಷ್ಯನಿಗೆ

ಗಾಜಿನ ಪಾತ್ರೆಗೆ ಎದೆಯುರಿಯೂ ಇಲ್ಲ, ನಂಬಿಕೆಯೂ ಇಲ್ಲ. ಮನುಷ್ಯನಿಗೆ ಎರಡೂ ಉಂಟು. ಪರೀಕ್ಷೆಯು ಕಠಿನವಾಗುವುದು ಇಲ್ಲಿಯೇ.

ಅಜೀರ್ಣವು ಬಂದುಹೋಗುವ ಸ್ವಭಾವದ ತೊಂದರೆ. ಅದು ಅತಿಯಾದಾಗಲೇ ನಾವು ಮದ್ದಿಗೆ ಕೈಚಾಚುತ್ತೇವೆ. ಅತಿಯಾದುದು ಬಳಿಕ ಇಳಿಯುವುದು ಸಹಜ. ಇಳಿಯುವ ವೇಳೆಗೆ ಕೈಯಲ್ಲಿದ್ದ ಮದ್ದಿಗೆ ಕೀರ್ತಿ ದೊರೆಯುತ್ತದೆ. ಅಲ್ಲದೆ "ಗುಣವಾಗುತ್ತದೆ" ಎಂಬ ಭರವಸೆಯೇ ಬಾಧೆಯನ್ನು ಕೊಂಚ ಕಡಿಮೆಮಾಡುತ್ತದೆ. ಔಷಧಗುಣವೇ ಇಲ್ಲದ ಹುಸಿ ಮಾತ್ರೆಯನ್ನು ಕೊಟ್ಟು ನೋಡಿದ ಅಜೀರ್ಣದ ಪರೀಕ್ಷೆಗಳಲ್ಲಿ, ಸಾಮಾನ್ಯವಾಗಿ ನೂರಕ್ಕೆ ೩೦ರಿಂದ ೪೦ ಮಂದಿ ತಮಗೆ ಹಾಯೆನಿಸಿತೆಂದು ಹೇಳಿರುವುದುಂಟು. ಅವರು ಸುಳ್ಳು ಹೇಳುವವರಲ್ಲ. ಅವರಿಗೆ ನಿಜವಾಗಿಯೇ ಹಾಯೆನಿಸಿತು. ಆದರೆ ಅದು ಮದ್ದಿನ ಗುಣವಲ್ಲ.

ಈ ತೊಡಕನ್ನು ಬಿಡಿಸುವ ಉಪಾಯವೊಂದೇ. ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪುಗಳಾಗಿ ವಿಂಗಡಿಸಬೇಕು. ಒಂದು ಗುಂಪಿಗೆ ನಿಜವಾದ ಮದ್ದು. ಇನ್ನೊಂದಕ್ಕೆ ರೂಪ, ಬಣ್ಣ, ರುಚಿಗಳಲ್ಲಿ ಅದನ್ನೇ ಹೋಲುವ ಹುಸಿ ಮದ್ದು. ಯಾರಿಗೆ ಯಾವುದು ದೊರೆತಿದೆಯೆಂಬುದು ರೋಗಿಗೂ ತಿಳಿಯಬಾರದು, ವಿಚಾರಿಸುವ ವೈದ್ಯನಿಗೂ ತಿಳಿಯಬಾರದು. ಕೊನೆಯಲ್ಲಿ ಎರಡು ಗುಂಪುಗಳ ಅಂತರವನ್ನು ನೋಡಬೇಕು. ಮದ್ದಿನ ಗುಂಪಿನಲ್ಲಿ ನೂರಕ್ಕೆ ೬೦ ಮಂದಿಗೂ ಹುಸಿ ಮದ್ದಿನ ಗುಂಪಿನಲ್ಲಿ ೪೦ ಮಂದಿಗೂ ಗುಣ ಕಂಡಿತೆಂದು ಭಾವಿಸೋಣ. ಜಾಹೀರಾತು "ನೂರಕ್ಕೆ ಅರವತ್ತು" ಎಂದು ಕೂಗುತ್ತದೆ. ವಿಮರ್ಶಕನು "ನೂರಕ್ಕೆ ಇಪ್ಪತ್ತು" ಎನ್ನುತ್ತಾನೆ. ಇಬ್ಬರೂ ಒಂದೇ ಪರೀಕ್ಷೆಯನ್ನು ಕುರಿತು ಮಾತನಾಡುತ್ತಿದ್ದಾರೆ. ಮದ್ದಿಗೆ ಸಲ್ಲಬೇಕಾದುದು ಇಪ್ಪತ್ತೇ.

ಏನನ್ನು ಅಳೆಯಬೇಕೆಂಬುದೂ ಮುಖ್ಯ. ಇದಕ್ಕೆ ನಮ್ಮ ದೇಶದ ಚರಿತ್ರೆಯಲ್ಲಿಯೇ ಉಜ್ಜ್ವಲವಾದ ಉದಾಹರಣೆಯಿದೆ. ೧೯೭೧ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಪಟ್ಟಣದಲ್ಲಿ ಕಾಲರಾಕ್ಕೆ ತುತ್ತಾಗುತ್ತಿದ್ದರು. ನಾಳದ ಮೂಲಕ ಕೊಡುವ ದ್ರವವು ಮುಗಿದುಹೋದಾಗ, ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಸೋಡ, ಗ್ಲೂಕೋಸ್‌ಗಳನ್ನು ನೀರಿನಲ್ಲಿ ಕರಗಿಸಿ ಕುಡಿಸಲು ಏರ್ಪಾಡು ಮಾಡಿದರು. ನೂರಕ್ಕೆ ೩೦ರಷ್ಟಿದ್ದ ಸಾವು ೩.೬ಕ್ಕೆ ಇಳಿಯಿತು. ಈ ದ್ರಾವಣವು ಭೇದಿಯನ್ನು ಒಡನೆ ನಿಲ್ಲಿಸುವುದಿಲ್ಲ. ಭೇದಿಯ ಎಣಿಕೆಯನ್ನು ಮಾತ್ರ ಲೆಕ್ಕವಿಟ್ಟಿದ್ದರೆ ಇದು ಸೋತ ಮದ್ದಾಗುತ್ತಿತ್ತು. ಬದುಕಿದವರನ್ನು ಎಣಿಸಿದುದರಿಂದ ಇದು ಶತಮಾನದ ಮಹೋಪಕಾರವೆನಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ೨೦೦೨ರ ಸೂತ್ರದಂತೆ ಒಂದು ಲೀಟರ್ ನೀರಿಗೆ ಗ್ಲೂಕೋಸ್ ೧೩.೫ ಗ್ರಾಂ, ಉಪ್ಪು ೨.೬ ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ ೧.೫ ಗ್ರಾಂ, ಸೋಡಿಯಂ ಸಿಟ್ರೇಟ್ ೨.೯ ಗ್ರಾಂ ಇರಬೇಕು. ಸಕ್ಕರೆ ಹೆಚ್ಚಾದರೆ ಭೇದಿಯು ಉಲ್ಬಣಿಸಬಹುದು. ಆದ್ದರಿಂದಲೇ ಈ ಸೂತ್ರಕ್ಕೆ ಹೊಂದದ ಸಿಹಿಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರನ್ನು ಬಳಸಕೂಡದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು ೨೦೨೫ರ ಅಕ್ಟೋಬರಿನಲ್ಲಿ ಆದೇಶಿಸಿತು. ಚೀಟಿಯ ಮೇಲಿನ ಮೂರಕ್ಷರವು ಮಗುವಿನ ಪ್ರಾಣಕ್ಕೆ ಸಂಬಂಧಪಟ್ಟ ವಿಷಯವಾಗಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಗುಣದೊಡನೆ ದೋಷ

ಮೂರನೆಯ ಪ್ರಶ್ನೆ: ಮದ್ದಿನಿಂದ ಆಗುವ ಕೆಡುಕೇನು? ಅಡುಗೆ ಸೋಡವು ಕ್ಷಣಮಾತ್ರದಲ್ಲಿ ಆಮ್ಲವನ್ನು ತಣಿಸುತ್ತದೆ. ಆದರೆ ಒಂದು ಗ್ರಾಂ ಸೋಡದಿಂದ ಹೊಟ್ಟೆಯೊಳಗೆ ಸುಮಾರು ೩೦೦ ಮಿಲಿಲೀಟರಿನಷ್ಟು ಇಂಗಾಲದ ಡೈ ಆಕ್ಸೈಡ್ ಹುಟ್ಟಬಹುದು. "ತೇಗು ಬಂದಿತು, ಮದ್ದು ಕೆಲಸಮಾಡಿತು" ಎಂದು ಸಂತೋಷಪಡುವವರು ಆ ತೇಗನ್ನು ತಂದುದೇ ಮದ್ದೆಂಬುದನ್ನು ಮರೆಯುತ್ತಾರೆ. ಅದೇ ಒಂದು ಗ್ರಾಮಿನಲ್ಲಿ ೨೭೦ ಮಿಲಿಗ್ರಾಂ ಸೋಡಿಯಂ ಸಹ ಇದೆ. ಒಬ್ಬ ವಯಸ್ಕನು ದಿನಕ್ಕೆ ೨೦೦೦ ಮಿಲಿಗ್ರಾಮಿಗಿಂತ ಕಡಿಮೆ ಸೋಡಿಯಮ್ಮನ್ನು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡದ ರೋಗಗಳಿರುವವರು ದಿನದಿನವೂ ನೊರೆಯುಪ್ಪನ್ನು ಕುಡಿದರೆ ಏನಾಗಬಹುದೆಂಬುದನ್ನು ಇದರಿಂದ ಊಹಿಸಬಹುದು.

ಮೆಗ್ನೀಷಿಯಮ್ಮಿನ ಲವಣಗಳು ಭೇದಿಯನ್ನೂ ಅಲ್ಯೂಮಿನಿಯಮ್ಮಿನವು ಮಲಬದ್ಧತೆಯನ್ನೂ ಉಂಟುಮಾಡುತ್ತವೆ; ಒಂದರ ದೋಷವನ್ನು ಇನ್ನೊಂದು ಸರಿದೂಗಿಸಲೆಂದು ಎರಡನ್ನೂ ಬೆರೆಸುವುದು ವಾಡಿಕೆ. ಕಬ್ಬಿಣದ ಮಾತ್ರೆ, ಟೆಟ್ರಾಸೈಕ್ಲೀನ್, ಥೈರಾಯ್ಡಿನ ಔಷಧ ಇವುಗಳ ಹೀರಿಕೆಗೆ ಆಮ್ಲಶಾಮಕಗಳು ಅಡ್ಡಿಬರುತ್ತವೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಷಿಕಾಗೊ ನಗರದ ವೈದ್ಯ ಬರ್ಟ್ರಂ ಸಿಪ್ಪಿಯು ಜಠರದ ಹುಣ್ಣಿಗೆ ಗಂಟೆಗಂಟೆಗೂ ಹಾಲು, ಕ್ಷಾರಗಳನ್ನು ಕೊಡುವ ಚಿಕಿತ್ಸೆಯನ್ನು ಬಳಕೆಗೆ ತಂದನು. ಇಂಥ ಕ್ಷಾರ ಚಿಕಿತ್ಸೆಯಿಂದ ಕೆಲವರಿಗೆ ವಿಷಬಾಧೆಯ ಲಕ್ಷಣಗಳುಂಟಾಗುತ್ತವೆಂದು ೧೯೨೩ರಲ್ಲಿ ವರದಿಯಾಯಿತು. ಹಾಲೂ ಸುಣ್ಣದ ಲವಣವೂ ಸಾಧುಪದಾರ್ಥಗಳೇ. ಅತಿಯಾದರೆ ಅವೂ ವಿಷ.

ಬೇರೊಂದು ಉದಾಹರಣೆ ಇನ್ನೂ ವಿಚಿತ್ರ. ೧೯೩೧ರಲ್ಲಿ ಅಮೆರಿಕದ ಪೇಟೆಗೆ ಬಂದ ಆಲ್ಕಾ-ಸೆಲ್ಟ್ಸರ್ ಎಂಬ ನೊರೆಮಾತ್ರೆಯಲ್ಲಿ ಸೋಡ, ಸಿಟ್ರಿಕ್ ಆಮ್ಲಗಳ ಜೊತೆಗೆ ತಲೆನೋವಿಗೆಂದು ಆಸ್ಪಿರಿನ್ನೂ ಇತ್ತು. ಆಸ್ಪಿರಿನ್ ಜಠರದ ಒಳಪೊರೆಯನ್ನು ಕೆರಳಿಸಿ ರಕ್ತಸ್ರಾವಕ್ಕೆ ಕಾರಣವಾಗಬಲ್ಲ ವಸ್ತು. ಹೊಟ್ಟೆಯ ಉಪಶಮನಕ್ಕೆಂದು ಕೊಂಡ ಮಾತ್ರೆಯಲ್ಲಿಯೇ ಹೊಟ್ಟೆಗೆ ಅಪಾಯ! ಆಸ್ಪಿರಿನ್ ಬೆರೆತ ಆಮ್ಲಶಾಮಕಗಳಿಂದ ತೀವ್ರ ರಕ್ತಸ್ರಾವವಾಗಬಹುದೆಂದು ಅಮೆರಿಕದ ಔಷಧ ಆಡಳಿತ ಸಂಸ್ಥೆಯು ೨೦೧೬ರಲ್ಲಿಯೂ ಜನರನ್ನು ಎಚ್ಚರಿಸಬೇಕಾಯಿತು. ಚೀಟಿಯನ್ನು ಪೂರ್ತಿಯಾಗಿ ಓದುವುದು ಏಕೆ ಅಗತ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ.

ಗ್ರಾಹಕರ ಪರವಾಗಿ ತೂಗುವವರು

ಈ ಪ್ರಶ್ನೆಗಳನ್ನು ಸರ್ಕಾರಗಳು ಮಾತ್ರವೇ ಕೇಳುವುದಲ್ಲ. ಅಮೆರಿಕದಲ್ಲಿ ೧೯೩೬ರಲ್ಲಿ ಸ್ಥಾಪಿತವಾದ ಕನ್ಸ್ಯೂಮರ್ಸ್ ಯೂನಿಯನ್ ಎಂಬ ಗ್ರಾಹಕರ ಸಂಘವು ಅದೇ ವರ್ಷದ ಮೇ ತಿಂಗಳಲ್ಲಿ ತನ್ನ ಪತ್ರಿಕೆಯ ಮೊದಲ ಸಂಚಿಕೆಯನ್ನು ಹೊರತಂದಿತು. ಆ ಸಂಚಿಕೆಯಲ್ಲಿ ಸಾಬೂನು, ಕಾಲುಚೀಲಗಳ ಜೊತೆಗೆ, ಮೇಲೆ ಹೇಳಿದ ಆಲ್ಕಾ-ಸೆಲ್ಟ್ಸರಿನ ಜಾಹೀರಾತುಗಳ ಅತಿಶಯೋಕ್ತಿಯೂ ವಿಮರ್ಶೆಗೆ ಗುರಿಯಾಗಿತ್ತು. ಈ ಸಂಘವು ತಯಾರಕರಿಂದ ಜಾಹೀರಾತನ್ನು ಸ್ವೀಕರಿಸುವುದಿಲ್ಲ. ಪರೀಕ್ಷಿಸಬೇಕಾದ ವಸ್ತುವನ್ನು ಸಾಮಾನ್ಯ ಗಿರಾಕಿಯಂತೆ ಅಂಗಡಿಯಿಂದ ಹಣಕೊಟ್ಟು ಕೊಳ್ಳುತ್ತದೆ. ತೀರ್ಪು ಕೊಡುವವನಿಗೆ ಹಣ ಬರುವುದು ಎಲ್ಲಿಂದ ಎಂಬುದೂ ಒರೆಗಲ್ಲಿನ ಒಂದು ಮುಖವೇ ತಾನೆ!

ಇದೇ ಸಂಘವು ೨೦೦೪ರಲ್ಲಿ ಔಷಧಗಳನ್ನು ಬೆಲೆಯೊಡನೆ ತೂಗಿ ಸಲಹೆ ಕೊಡುವ ಕಾರ್ಯವನ್ನು ಕೈಕೊಂಡಿತು. ಆಮ್ಲದ ಉತ್ಪತ್ತಿಯನ್ನೇ ತಡೆಯುವ ಒಮೆಪ್ರಜೋಲ್ ಮೊದಲಾದ ಔಷಧಗಳನ್ನು ಕುರಿತ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಸಮಾನ ಪ್ರಮಾಣದಲ್ಲಿ ಅವು ಹೆಚ್ಚುಕಡಿಮೆ ಒಂದೇ ಫಲ ಕೊಡುತ್ತವೆಂದು ಕಂಡಿತು. ಆದುದರಿಂದ ವೈದ್ಯರ ಚೀಟಿಯಿಲ್ಲದೆ ದೊರೆಯುವ ಅಗ್ಗದ ಒಮೆಪ್ರಜೋಲನ್ನೇ ಅದು ಶಿಫಾರಸು ಮಾಡಿತು.

ಇಂಥ ವಿಮರ್ಶಕರು ಮದ್ದುಗಳನ್ನು "ಒಳ್ಳೆಯದು, ಕೆಟ್ಟದ್ದು" ಎಂದಷ್ಟೇ ವಿಂಗಡಿಸುವುದಿಲ್ಲ. ಯಾವ ಸಂದರ್ಭಕ್ಕೆ ಯಾವುದು ಎಂದು ಕೇಳುತ್ತಾರೆ. ಆಮ್ಲಶಾಮಕವು ಕೆಲವು ನಿಮಿಷಗಳಲ್ಲಿಯೇ ಕೆಲಸ ಮಾಡುತ್ತದೆ. ಆದರೆ ಬರಿಹೊಟ್ಟೆಯಲ್ಲಿ ಅರ್ಧ ಗಂಟೆಯೊಳಗೆ ಅದರ ಆಟ ಮುಗಿಯುತ್ತದೆ. ಊಟವಾಗಿ ಒಂದು ಗಂಟೆಯ ಬಳಿಕ ತೆಗೆದುಕೊಂಡರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಫ್ಯಾಮೊಟಿಡೀನ್ ಎಂಬುದು ಸುಮಾರು ಒಂದು ಗಂಟೆಯಲ್ಲಿ ಗುಣ ತೋರಿ ಅನೇಕ ಗಂಟೆಗಳ ಕಾಲ ಉಳಿಯುತ್ತದೆ. ಒಮೆಪ್ರಜೋಲಿನ ಪೂರ್ಣ ಪರಿಣಾಮಕ್ಕೆ ಒಂದರಿಂದ ನಾಲ್ಕು ದಿನ ಬೇಕು. ಹಬ್ಬದೂಟದ ಎದೆಯುರಿಗೆ ಒಮೆಪ್ರಜೋಲನ್ನು ನುಂಗಿ ಕಾಯುವವನು, ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವನಂತೆ.

ಜೀರ್ಣಕಾರಿ ಕಿಣ್ವಗಳು

೧೮೯೪ರಲ್ಲಿ ಜಪಾನಿನ ರಸಾಯನಜ್ಞ ಜೊಕಿಚಿ ತಕಮೀನೆಯು ಅಕ್ಕಿಯ ಮದ್ಯಕ್ಕ ಬಳಸುವ ಬೂಷ್ಟಿನಿಂದ ಪಿಷ್ಟವನ್ನು ಕರಗಿಸುವ ಡಯಾಸ್ಟೇಸ್ ಕಿಣ್ವವನ್ನು ತೆಗೆದು, ಅಮೆರಿಕದಲ್ಲಿ ಪೇಟೆಂಟ್ ಪಡೆದನು. ಅದು ಅಜೀರ್ಣದ ಮದ್ದಾಗಿ ಬಹುಪ್ರಸಿದ್ಧವಾಯಿತು. ಇಂದಿಗೂ ನಮ್ಮ ಅಂಗಡಿಗಳ ಜೀರ್ಣಕಾರಿ ಪಾನಕಗಳಲ್ಲಿ ಬೂಷ್ಟಿನ ಡಯಾಸ್ಟೇಸ್, ಪೆಪ್ಸಿನ್, ಪರಂಗಿಕಾಯಿಯ ಪಪೇನ್ ಕಾಣಸಿಗುತ್ತವೆ. ಪ್ರಣಾಳದಲ್ಲಿ ಇವು ಆಹಾರವನ್ನು ಕರಗಿಸುವುದು ನಿಜ. ಆದರೆ ಆರೋಗ್ಯವಂತನಿಗೆ ಕಿಣ್ವಗಳ ಕೊರತೆಯಿದೆಯೇ? ಮೇದೋಜೀರಕ ಗ್ರಂಥಿಯ ಕಿಣ್ವಶಕ್ತಿಯು ಹತ್ತರಲ್ಲೊಂದು ಪಾಲಿಗೆ ಇಳಿಯುವವರೆಗೂ ಕೊಬ್ಬಿನ ಜೀರ್ಣದಲ್ಲಿ ಎದ್ದುಕಾಣುವ ಕುಂದು ತೋರದು. ತುಂಬಿದ ಕೆರೆಗೆ ಕೊಡದ ನೀರನ್ನು ಸುರಿದಂತೆ ಈ ಮದ್ದು! ಆ ಗ್ರಂಥಿಯೇ ರೋಗಗ್ರಸ್ತವಾದವರಿಗೆ ಮಾತ್ರ ಕಿಣ್ವಗಳು ಸಂಜೀವಿನಿ. ಹಾಲಿನ ಸಕ್ಕರೆಯನ್ನು ಅರಗಿಸಿಕೊಳ್ಳಲಾರದವರಿಗೆ ಲ್ಯಾಕ್ಟೇಸ್ ಕಿಣ್ವವು ಹಾಗೆಯೇ ಉಪಕಾರಿ. ಕೊರತೆಯಿದ್ದಲ್ಲಿ ಪೂರೈಕೆ ಎಂಬುದೇ ಇಲ್ಲಿಯ ಸೂತ್ರ.

೧೯೯೦ರ ದಶಕದ ಆದಿಯಲ್ಲಿ ಅಮೆರಿಕದ ಆಡಳಿತವು ಪೆಪ್ಸಿನ್, ಪಪೇನ್, ಪುದೀನದ ಎಣ್ಣೆ, ಶುಂಠಿ, ಇಂಗು ಮೊದಲಾದ ಅನೇಕ ವಸ್ತುಗಳನ್ನು ಜೀರ್ಣಕಾರಿ ಔಷಧಗಳೆಂಬ ಹೆಸರಿನಲ್ಲಿ ಮಾರಲು ಸಾಕಷ್ಟು ಪ್ರಮಾಣವಿಲ್ಲವೆಂದು ಪಟ್ಟಿಯಿಂದ ಕೈಬಿಟ್ಟಿತು. ಅಡುಗೆಯಲ್ಲಿ ಇಂಗನ್ನು ಯಾರೂ ನಿಷೇಧಿಸಲಿಲ್ಲ. ನಿಷೇಧಿಸಿದ್ದು ರುಜುವಾತಿಲ್ಲದ ಔಷಧೀಯ ಘೋಷಣೆಯನ್ನು. ಪುದೀನದ ಎಣ್ಣೆಯು ಕರುಳಿನ ಸೆಳೆತದ ಒಂದು ಬಗೆಯ ತೊಂದರೆಗೆ ಉಪಕಾರಿಯೆಂದು ಹುಸಿ ಮದ್ದಿನೊಡನೆ ಹೋಲಿಸಿದ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಪ್ರಮಾಣವು ಬಂದಂತೆ ತೀರ್ಪೂ ಬದಲಾಗುವುದು ವಿಜ್ಞಾನದ ದೌರ್ಬಲ್ಯವಲ್ಲ, ಅದರ ಬಲ.

ಉಪಶಮನವೇ ಚಿಕಿತ್ಸೆಯಲ್ಲ

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಬಾಧೆಯು ಅಡಗಿದರೆ ರೋಗವು ಹೋದಂತೆಯೇ? ದಶಕಗಳ ಕಾಲ ಜಠರದ ಹುಣ್ಣಿನ ರೋಗಿಗಳು ಆಮ್ಲಶಾಮಕಗಳನ್ನು ಬಾಟಲಿಗಟ್ಟಲೆ ಕುಡಿದರು, ನೋವು ಇಳಿಯಿತು, ಹುಣ್ಣು ಮತ್ತೆ ಮತ್ತೆ ಮರಳಿ ಬಂದಿತು. ೧೯೮೨ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು ಜಠರದಲ್ಲಿ ನೆಲೆಸಿದ ಸುರುಳಿಯಾಕಾರದ ಬ್ಯಾಕ್ಟೀರಿಯವನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವುದರಲ್ಲಿ ಯಶಸ್ವಿಯಾದರು. ಇದರ ಹೆಸರು ಈಗ ಹೆಲಿಕೊಬ್ಯಾಕ್ಟರ್ ಪೈಲೊರಿ. ಜನರು ನಂಬದಿರಲು, ಮಾರ್ಷಲ್ ೧೯೮೪ರಲ್ಲಿ ಆ ಬ್ಯಾಕ್ಟೀರಿಯದ ದ್ರವವನ್ನು ತಾನೇ ಕುಡಿದು ಜಠರದ ಉರಿಯೂತವನ್ನು ತಂದುಕೊಂಡನು. ಹೆಚ್ಚಿನ ಹುಣ್ಣುಗಳಿಗೆ ಮೂಲವಾದ ಈ ಸೋಂಕನ್ನು ಪ್ರತಿಜೈವಿಕಗಳಿಂದ ನಿವಾರಿಸಿದರೆ ಹುಣ್ಣು ಮರಳುವುದು ತೀರ ಕಡಿಮೆಯಾಗುತ್ತದೆ. ೨೦೦೫ರಲ್ಲಿ ಇವರಿಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಆಮ್ಲಶಾಮಕವು ಸುಳ್ಳು ಮದ್ದಾಗಿರಲಿಲ್ಲ. ಅದು ಹೇಳಿದ ಕೆಲಸವನ್ನೇ ಮಾಡುತ್ತಿತ್ತು. ಆದರೆ ಅದರ ತಂಪಿನ ಮರೆಯಲ್ಲಿ ರೋಗವು ಬೆಳೆಯುತ್ತಿತ್ತು. ಆದುದರಿಂದಲೇ ಎರಡು ವಾರಗಳಿಗಿಂತ ಹೆಚ್ಚು ಕಾಲ ತಾವಾಗಿಯೇ ಸೇವಿಸಬಾರದೆಂದು ಚೀಟಿಗಳು ಎಚ್ಚರಿಸುತ್ತವೆ. ನುಂಗಲು ಕಷ್ಟ, ರಕ್ತವಾಂತಿ, ಟಾರಿನಂತೆ ಕಪ್ಪಾದ ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ವಾಂತಿ ಇವುಗಳಲ್ಲಿ ಒಂದು ಕಂಡರೂ ಅಂಗಡಿಗೆ ಹೋಗದೆ ವೈದ್ಯರ ಬಳಿಗೆ ಹೋಗಬೇಕು. ಎದೆಯಲ್ಲಿ ಒತ್ತಿದಂತಹ ನೋವು, ಬೆವರು, ತೋಳಿಗೆ ಅಥವಾ ದವಡೆಗೆ ಹರಿಯುವ ನೋವು ಇದ್ದರೆ ಅದನ್ನು "ಗ್ಯಾಸು" ಎಂದು ತಳ್ಳಿಹಾಕಿ ಸೋಡ ಕುಡಿಯುತ್ತ ಕೂರಬಾರದು, ಅದು ಹೃದಯಾಘಾತವಾಗಿರಬಹುದು. ಅಂಥ ಹೊತ್ತಿನಲ್ಲಿ ಕಳೆದ ಅರ್ಧ ಗಂಟೆಯನ್ನು ಯಾವ ಮದ್ದೂ ಮರಳಿ ತರಲಾರದು.

ಇನ್ನು ನಮ್ಮ ಹಬ್ಬದ ಮನೆಗೆ ಮರಳೋಣ. ಅಜ್ಜಿಯ ಓಮವೂ ಅತ್ತಿಗೆಯ ಇಂಗೂ ಮನೆಯ ಅನುಭವದ ಬಲದ ಮೇಲೆ ನಿಂತಿವೆ. ಅವು ಮೂರನೆಯ ವರ್ಗದವು. ಅಡುಗೆಯ ಪ್ರಮಾಣದಲ್ಲಿ ಸಾಮಾನ್ಯವಾಗಿ ಕೆಡುಕಿಲ್ಲದವು. ಮಗನು ತಂದ ಪೊಟ್ಟಣವು ಆಮ್ಲವನ್ನು ನಿಶ್ಚಯವಾಗಿ ತಣಿಸಿತು. ಯಜಮಾನರಿಗೆ ರಕ್ತದೊತ್ತಡವಿದೆಯೇ ಎಂದು ಮೊದಲು ಕೇಳಬೇಕಿತ್ತು. ನೆರೆಯವರ ಮಾತ್ರೆಯ ಹೆಸರನ್ನೂ ಒಳವಸ್ತುವನ್ನೂ ಯಾರೂ ಓದಲಿಲ್ಲ. ನಾಲ್ಕರಲ್ಲಿ ಅದೇ ಹೆಚ್ಚು ಅನುಮಾನಕ್ಕೆ ಅರ್ಹ. ಇಷ್ಟಾಗಿಯೂ, ಸಂಜೆಯ ಹೊತ್ತಿಗೆ ಹೊಟ್ಟೆಯನ್ನು ಹಗುರಗೊಳಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು, ಯಾರೂ ಹೆಸರಿಸದ ಐದನೆಯ ವೈದ್ಯನಿಗೆ, ಎಂದರೆ ಕಾಲಕ್ಕೆ, ಸಲ್ಲಬಹುದು. ಮುಂದಿನ ಸಲ ಔಷಧದಂಗಡಿಗೆ ಓಡುವ ಹುಡುಗನು ಪೊಟ್ಟಣವನ್ನು ಹರಿಯುವ ಮುನ್ನ ಅದರ ಬೆನ್ನಿನ ಸಣ್ಣಕ್ಷರಗಳನ್ನು ಒಮ್ಮೆ ಓದಿದರೆ, ಪ್ರಯೋಗಶಾಲೆಯಲ್ಲಿ ಕಲಿತ ರಸಾಯನಶಾಸ್ತ್ರವು ಮನೆಯ ಬಾಗಿಲಿಗೆ ಬಂದಿತೆಂದೇ ಲೆಕ್ಕ.